ಎಜೆಕ್ಷನ್ ಸೀಟು: ಪೈಲಟ್ ನಿಮ್ಮ ಹೊಲಕ್ಕೆ ಇಳಿದರೆ ಏನು ಮಾಡಬೇಕು, ಏನು ಮುಟ್ಟಬಾರದು (ಪದೇ ಪದೇ ಕೇಳುವ ಪ್ರಶ್ನೆಗಳು)

ಯುದ್ಧವಿಮಾನ ಅಥವಾ ತರಬೇತಿ ವಿಮಾನ ಬೀಳುವ ಹಾಗಾದಾಗ ಪೈಲಟ್ ಸಮೇತ ಹೊರಕ್ಕೆ ಚಿಮ್ಮಿ, ಅವನನ್ನು ಪ್ಯಾರಾಚೂಟಿನಲ್ಲಿ ಇಳಿಸುವ ಸೀಟೇ ಎಜೆಕ್ಷನ್ ಸೀಟು. ಹಾಗೆ ಹೊರಬರುವುದನ್ನು ಎಜೆಕ್ಟ್ ಆಗುವುದು ಎನ್ನುತ್ತಾರೆ. ಇದರ ಬಗ್ಗೆ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ರೈತರು, ಗ್ರಾಮ ಪಂಚಾಯಿತಿಯವರು, ಗೃಹರಕ್ಷಕ ದಳದವರು, 108 ಸಿಬ್ಬಂದಿ ಮತ್ತು ಐಟಿಐ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಸಮಯವಿಲ್ಲದವರು 'ಪ್ಯಾರಾಚೂಟ್ ನಮ್ಮ ಹೊಲದಲ್ಲಿ ಇಳಿದಿದೆ' ಎಂಬ ಪ್ರಶ್ನೆಯ ಉತ್ತರವನ್ನಾದರೂ ಓದಿಕೊಳ್ಳಿ.

ಚಳ್ಳಕೆರೆಯ ವಿಮಾನ ಪರೀಕ್ಷಾ ವಲಯವಾದ ಎಟಿಆರ್‌ನಿಂದ ಹಾರುವ ವಿಮಾನಗಳಲ್ಲಿ ಈ ಸೀಟು ಇರುತ್ತದೆಯೇ?

ನೀವು ಅಲ್ಲಿ ಹೆಚ್ಚಾಗಿ ನೋಡುವ ವಿಮಾನಗಳಲ್ಲಿ ಇರುವುದಿಲ್ಲ. ವರವು ಕಾವಲಿನಲ್ಲಿ 2017ರ ಮೇನಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ ಮುಖ್ಯವಾಗಿ ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸುತ್ತಾರೆ. 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿ ಹತ್ತಿರ ತೋಟಕ್ಕೆ ಬಿದ್ದದ್ದು, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಬಿದ್ದದ್ದು ಎರಡೂ ಡ್ರೋನ್‌ಗಳೇ. ಇಸ್ರೊದ ರೆಕ್ಕೆಯ ಮರುಬಳಕೆ ವಾಹನವನ್ನು 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಾಗಲೂ ಅದರೊಳಗೆ ಯಾರೂ ಇರಲಿಲ್ಲ.

ಆದರೆ ಯುದ್ಧವಿಮಾನಕ್ಕೆ ಜಿಲ್ಲೆಯ ಗಡಿ ಎಂಬುದಿಲ್ಲ. 2023ರ ಜೂನ್ 1ರಂದು ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದದ್ದು ಚಾಮರಾಜನಗರ ಜಿಲ್ಲೆಯ ಹಳ್ಳಿಯೊಂದರ ಬಯಲಿನಲ್ಲಿ. ಇಬ್ಬರೂ ಪೈಲಟ್‌ಗಳು ಎಜೆಕ್ಟ್ ಆಗಿ ಬದುಕಿದರು. ಅವರ ಹತ್ತಿರಕ್ಕೆ ಮೊದಲು ಹೋಗುವವರು ಆ ಊರಿನ ಜನರೇ. ವಾಯುಪಡೆಯ ಹೆಲಿಕಾಪ್ಟರ್ ಬರುವುದು ಆಮೇಲೆ.

ಹಿಡಿ ಎಳೆದ ಮೇಲೆ ನಿಜವಾಗಿ ಏನಾಗುತ್ತದೆ?

ಮಾದರಿಯಿಂದ ಮಾದರಿಗೆ ವಿವರ ಬದಲಾದರೂ ಕ್ರಮ ಹೆಚ್ಚುಕಡಿಮೆ ಒಂದೇ. ತೊಡೆಗಳ ನಡುವೆ ಹಳದಿ-ಕಪ್ಪು ಪಟ್ಟೆಯ ಹಿಡಿ ಇರುತ್ತದೆ. ಅದನ್ನು ಎಳೆದ ಕೂಡಲೇ ಮದ್ದು ತುಂಬಿದ ಒಂದು ಕಾರ್ಟ್ರಿಜ್ ಸಿಡಿದು, ಅದರ ಗ್ಯಾಸಿನ ಒತ್ತಡ ಕೊಳವೆಗಳಲ್ಲಿ ಹರಿದು ಉಳಿದೆಲ್ಲ ಕೆಲಸಗಳನ್ನು ಸರದಿಯಂತೆ ಶುರುಮಾಡುತ್ತದೆ.

ಮೊದಲು ಭುಜದ ಪಟ್ಟಿಗಳು ಪೈಲಟ್‌ನನ್ನು ಹಿಂದಕ್ಕೆಳೆದು ಬೆನ್ನನ್ನು ಸೀಟಿಗೆ ಒತ್ತಿ ಕೂರಿಸುತ್ತವೆ. ಅದೇ ಹೊತ್ತಿಗೆ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನಪಿ, ದಾರಿ ಬಿಡಬೇಕು. ಕೆಲವು ವಿಮಾನಗಳಲ್ಲಿ ಅದು ಇಡಿಯಾಗಿ ಕಿತ್ತು ಹಾರುತ್ತದೆ. ಹಾಕ್‌ನಂಥ ವಿಮಾನಗಳಲ್ಲಿ ಕ್ಯಾನಪಿಗೆ ಅಂಟಿಸಿರುವ ಸ್ಫೋಟಕ ದಾರ ಸಿಡಿದು ಅದನ್ನು ಚೂರು ಮಾಡುತ್ತದೆ. ಕ್ಯಾನಪಿಯ ಮೇಲೆ ಕಾಣುವ ಅಂಕುಡೊಂಕು ಗೆರೆ ಆ ದಾರದ್ದೇ, ಅಲಂಕಾರದ್ದಲ್ಲ.

ಆಮೇಲೆ ಸೀಟಿನ ಬೆನ್ನಿಗಿರುವ ಎಜೆಕ್ಷನ್ ಗನ್ ಸಿಡಿಯುತ್ತದೆ. ಇದು ಒಂದರೊಳಗೊಂದು ಕೂತ ಕೊಳವೆಗಳ ದೂರದರ್ಶಕದಂಥ ಜೋಡಣೆ. ಸೀಟು ಹಳಿಯ ಮೇಲೆ ಏರುವಾಗ ಕಾಲಿನ ಪಟ್ಟಿಗಳು ತಾವಾಗಿ ಬಿಗಿದುಕೊಂಡು ಮೊಣಕಾಲಿನ ಕೆಳಭಾಗವನ್ನು ಸೀಟಿಗೆ ಎಳೆದು ಹಿಡಿಯುತ್ತವೆ. ವಿಮಾನದ ಆಮ್ಲಜನಕ ಮತ್ತು ರೇಡಿಯೊ ಸಂಪರ್ಕ ಕಳಚಿ, ಸೀಟಿನಲ್ಲಿರುವ ತುರ್ತು ಆಮ್ಲಜನಕದ ಬಾಟಲಿ ತೆರೆದುಕೊಳ್ಳುತ್ತದೆ. ಗನ್‌ನ ಹೊಡೆತ ಮುಗಿಯುವ ಹೊತ್ತಿಗೆ ಸೀಟಿನ ಅಡಿಯ ರಾಕೆಟ್ ಉರಿದು, ವಿಮಾನದ ಬಾಲಕ್ಕೆ ತಾಗದಷ್ಟು ಎತ್ತರಕ್ಕೆ ಒಯ್ಯುತ್ತದೆ.

ಹೊರಗೆ ಬಂದ ಸೀಟು ಗಿರಕಿ ಹೊಡೆಯದಂತೆ ಡ್ರೋಗ್ ಎಂಬ ಸಣ್ಣ ಪ್ಯಾರಾಚೂಟ್ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಎತ್ತರ ಹೆಚ್ಚಿದ್ದರೆ ಪೈಲಟ್ ಸೀಟಿನಲ್ಲೇ ಕೂತು ಕೆಳಗಿನ ದಟ್ಟ ಗಾಳಿಗೆ ಬರುವವರೆಗೆ ಬೀಳುತ್ತಾನೆ. ಗಾಳಿಯ ಒತ್ತಡ ಅಳೆಯುವ ಸಾಧನವೊಂದು ಅಲ್ಲಿಯವರೆಗೆ ದೊಡ್ಡ ಪ್ಯಾರಾಚೂಟನ್ನು ತಡೆದಿಡುತ್ತದೆ. ಕಡಿಮೆ ಎತ್ತರವಾದರೆ ಕಾಯುವುದೇ ಇಲ್ಲ: ದೊಡ್ಡ ಪ್ಯಾರಾಚೂಟ್ ತೆರೆದು ಪೈಲಟ್‌ನನ್ನು ಸೀಟಿನಿಂದ ಎಳೆದುಕೊಳ್ಳುತ್ತದೆ, ಸೀಟು ಬೇರೆ ಬೀಳುತ್ತದೆ. ಹಿಡಿ ಎಳೆದಲ್ಲಿಂದ ಪ್ಯಾರಾಚೂಟ್ ತುಂಬಿಕೊಳ್ಳುವವರೆಗೆ ಮೂರು ಸೆಕೆಂಡು ಹಿಡಿಯುವುದಿಲ್ಲ. ಇಷ್ಟರಲ್ಲಿ ಪೈಲಟ್ ಕೈಯಿಂದ ಆಗಬೇಕಾದ ಕೆಲಸ ಒಂದೇ, ಹಿಡಿ ಎಳೆಯುವುದು.

ಬೆನ್ನು ಮುರಿಯುತ್ತದೆ ಅನ್ನುತ್ತಾರೆ, ನಿಜವೇ?

ಮುರಿಯಬಹುದು, ಅದಕ್ಕೇ ಈ ಪುಟ. ಗನ್ ಸಿಡಿದಾಗ ದೇಹದ ಮೇಲೆ ಗುರುತ್ವದ 12ರಿಂದ 14 ಪಟ್ಟು ಬಲ ಬೀಳುವುದು ಸಾಮಾನ್ಯ. ಹಳೆಯ ಸೀಟುಗಳಲ್ಲಿ ಅದು 20 ಪಟ್ಟು ದಾಟುತ್ತಿತ್ತು. 80 ಕೆಜಿಯ ಮನುಷ್ಯ 14 ಪಟ್ಟಿನಲ್ಲಿ ಆ ಕ್ಷಣ ಸುಮಾರು 1,100 ಕೆಜಿ ತೂಗುತ್ತಾನೆ. ಆ ಭಾರವನ್ನು ಹೊರುವುದು ಬೆನ್ನುಹುರಿಯನ್ನು ಕಾಯುವ ಮೂಳೆಗಳ ಸಾಲು. ಎದೆಯ ಭಾಗದ ಕೊನೆಯ ಮೂಳೆ ಮತ್ತು ಸೊಂಟದ ಮೊದಲ ಮೂಳೆ ಕೂಡುವ ಜಾಗದಲ್ಲಿ ಮೂಳೆ ಅಮುಕಿ ಬಿರುಕು ಬಿಡುವುದು ಎಜೆಕ್ಷನ್‌ನಲ್ಲಿ ಮತ್ತೆ ಮತ್ತೆ ಕಾಣುವ ಗಾಯ.

ಕೂತ ಭಂಗಿ ಇಲ್ಲಿ ತುಂಬ ಮುಖ್ಯ. ತಲೆ ಹಿಂದಿನ ಒರಗಿಗೆ ತಾಗಿರಬೇಕು, ಬೆನ್ನು ನೆಟ್ಟಗಿರಬೇಕು, ಮೊಣಕೈ ಒಳಗಿರಬೇಕು. ಮುಂದಕ್ಕೆ ಬಾಗಿ ಹಿಡಿ ಎಳೆದವನಿಗೆ, ಸೊಂಟದ ಪಟ್ಟಿ ಸಡಿಲ ಬಿಟ್ಟವನಿಗೆ ಪೆಟ್ಟು ಹೆಚ್ಚು. ಪಟ್ಟಿ ಸಡಿಲವಾಗಿದ್ದರೆ ಸೀಟು ಮೊದಲು ವೇಗ ಹಿಡಿದು ಆಮೇಲೆ ಅವನಿಗೆ ಬಡಿಯುತ್ತದೆ.

ಎರಡನೇ ಅಪಾಯ ಗಾಳಿ. ನೆಲಮಟ್ಟದ ಹತ್ತಿರ ಗಂಟೆಗೆ 1,100 ಕಿ.ಮೀ. ವೇಗದಲ್ಲಿ ಹೊರಬಂದವನ ಮೇಲೆ ಚದರ ಮೀಟರಿಗೆ ಸುಮಾರು 5.8 ಟನ್ ಒತ್ತಡ ಬೀಳುತ್ತದೆ. ಕೈಕಾಲು ಸೀಟಿನ ಆಸರೆಯಿಂದ ಆಚೆ ಹೋದರೆ ತಿರುಚಿ ಮುರಿಯುತ್ತವೆ, ಭುಜದ ಕೀಲು ತಪ್ಪುತ್ತದೆ.

ಮೂರನೆಯದು ನೆಲಕ್ಕೆ ತಾಗುವಾಗಿನದು. ಪ್ಯಾರಾಚೂಟ್ ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿ ಇಳಿಸುತ್ತದೆ, ಅಂದರೆ ಎಂಟು ಅಡಿ ಗೋಡೆಯಿಂದ ಹಾರಿದ ಹಾಗೆ. ಗಾಳಿ ಜೋರಿದ್ದರೆ ಪಕ್ಕಕ್ಕೆ ಎಳೆಯುವ ವೇಗ ಬೇರೆ. ಕಣಕಾಲು, ಮೊಣಕಾಲು ಆಗ ಪೆಟ್ಟಾಗುತ್ತವೆ.

ಪ್ಯಾರಾಚೂಟ್ ನಮ್ಮ ಹೊಲದಲ್ಲಿ ಇಳಿದಿದೆ. ಮೊದಲು ಏನು ಮಾಡಬೇಕು?

ಓಡಿ ಹೋಗುವಾಗಲೇ ಒಬ್ಬರು 112ಕ್ಕೆ ಕರೆ ಮಾಡಲಿ. ಉಳಿದವರು ಈ ಕ್ರಮದಲ್ಲಿ ನೋಡಿ.

ಗಾಳಿಯಿದ್ದರೆ ಬಟ್ಟೆ ತುಂಬಿಕೊಂಡು ಪೈಲಟ್‌ನನ್ನು ಎಳೆದಾಡುತ್ತಿರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಬಯಲಲ್ಲಿ ಆಷಾಢದ ಗಾಳಿಗೆ ಇದು ದೊಡ್ಡ ಅಪಾಯ. ಇಳಿಯುವಾಗ ಏನೂ ಆಗದವನು ಕಲ್ಲುಬಂಡೆಗಳ ಮೇಲೆ ಎಳೆದಾಡಿಸಿಕೊಂಡು ಗಾಯಗೊಳ್ಳಬಹುದು. ಪೈಲಟ್‌ನನ್ನು ಹಿಡಿದು ನಿಲ್ಲಿಸಲು ಹೋಗಬೇಡಿ. ಪ್ಯಾರಾಚೂಟಿನ ಆಚೆ ಬದಿಗೆ ಸುತ್ತಿ ಓಡಿ, ಬಟ್ಟೆಯ ಅಂಚು ಹಿಡಿದು ಗಾಳಿಗೆ ಎದುರಾಗಿ ಮಡಚುತ್ತಾ ಅದರ ಮೇಲೆ ಕೂತುಬಿಡಿ. ಎರಡು ಜನ ಸಾಕು. ಬಟ್ಟೆ ಸೋತ ಮೇಲೆ ಹಗ್ಗಗಳನ್ನು ಕುಡುಗೋಲಿನಿಂದ ಕೊಯ್ಯಿರಿ. ಎದೆಯ ಬಕಲ್ ಮಾದರಿಗೊಂದು ಥರ ಇರುವುದರಿಂದ ಅದನ್ನು ಬಿಚ್ಚಲು ಹೆಣಗುವುದಕ್ಕಿಂತ ಹಗ್ಗ ಕೊಯ್ಯುವುದು ಬೇಗ. ಪ್ರಜ್ಞೆಯಿದ್ದ ಪೈಲಟ್ ತಾನೇ ಬಿಚ್ಚಿಕೊಳ್ಳುತ್ತಾನೆ.

ಆಮೇಲೆ ಅವನನ್ನು ಇದ್ದಲ್ಲೇ ಮಲಗಿಸಿ. ಇದೇ ಎಲ್ಲಕ್ಕಿಂತ ಮುಖ್ಯ. 'ಏನೂ ಆಗಿಲ್ಲ' ಎಂದು ಅವನು ಎದ್ದು ನಿಂತರೂ ಬೆನ್ನಿನ ಮೂಳೆಯಲ್ಲಿ ಬಿರುಕಿರಬಹುದು. ಆ ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ. ಎತ್ತಿ ಕೂರಿಸುವುದು, ಭುಜಕ್ಕೆ ಕೈ ಹಾಕಿ ನಡೆಸುವುದು, ಬೈಕಿನಲ್ಲಿ ಮಧ್ಯೆ ಕೂರಿಸಿ ಊರಿಗೆ ಕರೆತರುವುದು, ಪ್ರೀತಿಯಿಂದ ಮಾಡಿದರೂ ಇವೇ ಕಾಲಿನ ಶಕ್ತಿ ಹೋಗಲು ಕಾರಣವಾಗಬಲ್ಲವು. ಒಬ್ಬರು ತಲೆಯ ಹಿಂದೆ ಮೊಣಕಾಲೂರಿ, ಎರಡೂ ಕೈಯಿಂದ ಹೆಲ್ಮೆಟ್ ಅಲುಗದಂತೆ ಹಿಡಿದುಕೊಳ್ಳಿ. ಬಿಸಿಲಿದ್ದರೆ ಛತ್ರಿಯನ್ನೋ ತಾಡಪಾಲನ್ನೋ ಅಡ್ಡ ಹಿಡಿಯಿರಿ.

ಮುಖದ ಆಮ್ಲಜನಕ ಮಾಸ್ಕ್ ಕಚ್ಚಿಕೊಂಡೇ ಇದ್ದರೆ ಒಂದು ಬದಿಯ ಕೊಕ್ಕೆ ಬಿಡಿಸಿ ಪಕ್ಕಕ್ಕೆ ಸರಿಸಿ. ಆಮ್ಲಜನಕದ ಬಾಟಲಿ ಸೀಟಿನ ಜೊತೆಗೆ ಹೋಗಿರುತ್ತದೆ, ಮಾಸ್ಕಿನಲ್ಲಿ ಉಸಿರು ಕಟ್ಟಬಹುದು. ಹೆಲ್ಮೆಟ್ ಮಾತ್ರ ತೆಗೆಯಬೇಡಿ. ವಾಂತಿ ಮಾಡಿಕೊಂಡು ಉಸಿರಾಟಕ್ಕೆ ಅಡ್ಡಿಯಾದರೆ ಮಾತ್ರ, ಇಬ್ಬರು ಸೇರಿ, ಕುತ್ತಿಗೆ ನೆಟ್ಟಗಿಟ್ಟು ತೆಗೆಯಿರಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೀರು, ಎಳನೀರು, ಚಹಾ ಯಾವುದೂ ಬೇಡ. ಆಪರೇಷನ್ ಬೇಕಾಗಬಹುದು. ಬಾಯಾರಿದೆ ಎಂದರೆ ತುಟಿ ಒದ್ದೆ ಮಾಡಿ.

ಬೆಂಕಿ ಹತ್ತಿರ ಬರುತ್ತಿದ್ದರೆ ಜಾಗ ಬದಲಿಸಲೇಬೇಕು. ಆಗ ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ, ಕಾಲು ಒಟ್ಟಿಗೆ ಒಂದೇ ಸಲ ಹೊರಳಿಸಿ, ಹಲಗೆಯ ಮೇಲೋ ಕಿತ್ತ ಬಾಗಿಲಿನ ಮೇಲೋ ಮಲಗಿಸಿ ಒಯ್ಯಿರಿ.

ಅವನಿಗೆ ಕನ್ನಡ ಬಾರದಿರಬಹುದು. ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಎರಡು ವಿಷಯ ಹೇಳಿ, ಒಂದು ಕೇಳಿ: ಇದು ಯಾವ ಊರು, ಆಂಬುಲೆನ್ಸ್ ಬರುತ್ತಿದೆ, ವಿಮಾನದಲ್ಲಿ ಎಷ್ಟು ಜನ ಇದ್ದರು? ಇಬ್ಬರು ಎಂದರೆ ಇನ್ನೊಬ್ಬನನ್ನು ಹುಡುಕಲು ಕೂಡಲೇ ಜನ ಕಳಿಸಿ.

ಅವನ ಜೊತೆ ಒಂದು ಪೆಟ್ಟಿಗೆ, ರಬ್ಬರ್ ದೋಣಿ ಬಿದ್ದಿದೆ. ಏನದು?

ಸೀಟಿನ ಕೂರುವ ಭಾಗದಲ್ಲಿರುವ ಬದುಕುಳಿಯುವ ಕಿಟ್. ಇಳಿಯುವಾಗ ಹಗ್ಗದಲ್ಲಿ ನೇತಾಡುತ್ತಿರುತ್ತದೆ. ದೋಣಿಗೆ ಗಾಳಿ ತುಂಬುವ ಸಿಲಿಂಡರ್ ಬುಸುಗುಟ್ಟಬಹುದು, ಹೆದರಬೇಡಿ. ಕೈಯಲ್ಲಿ ಹಿಡಿದು ಉರಿಸುವ ಸಿಗ್ನಲ್ ಕೊಳವೆಗಳನ್ನು ಮಾತ್ರ ಮುಟ್ಟಬೇಡಿ. ಒಂದು ತುದಿ ಹೊಗೆ, ಇನ್ನೊಂದು ತುದಿ ಕೈ ಸುಡುವ ಜ್ವಾಲೆ. ಒಣಗಿದ ಶೇಂಗಾ ಹೊಲಕ್ಕೆ ಕಿಡಿ ಬಿದ್ದರೆ ಇನ್ನೊಂದು ಅನಾಹುತ.

ಬೀಪ್ ಎನ್ನುವ ಅಥವಾ ಆಂಟೆನಾ ಚಾಚಿದ ಸಣ್ಣ ರೇಡಿಯೊ ಇದ್ದರೆ ಆಫ್ ಮಾಡಬೇಡಿ. 406 ಮೆಗಾಹರ್ಟ್ಸ್ ಬೀಕನ್ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಇಸ್ರೊ ಕೇಂದ್ರಕ್ಕೆ ತಲುಪುತ್ತದೆ. ಅದನ್ನು ಮನೆಗೆ ಒಯ್ದರೆ ಹುಡುಕುವವರು ನಿಮ್ಮ ಮನೆಗೆ ಬರುತ್ತಾರೆ, ಪೈಲಟ್ ಹೊಲದಲ್ಲೇ ಉಳಿಯುತ್ತಾನೆ.

ಅಡಿಕೆ ಮರಕ್ಕೋ ವಿದ್ಯುತ್ ತಂತಿಗೋ ಕೆರೆಗೋ ಬಿದ್ದರೆ?

ತಂತಿಯಾದರೆ ಬೆಸ್ಕಾಂಗೆ 1912ರಲ್ಲಿ ಹೇಳಿ ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಹಗ್ಗವನ್ನಾಗಲಿ ಬಟ್ಟೆಯನ್ನಾಗಲಿ ಮುಟ್ಟಬೇಡಿ. ಜೋಗಿಮಟ್ಟಿ ಕಡೆಯ ಗುಡ್ಡಗಳ ಗಾಳಿಯಂತ್ರಕ್ಕೆ ಸಿಕ್ಕಿಕೊಂಡರೂ ಮೊದಲ ಕೆಲಸ ಯಂತ್ರ ನಿಲ್ಲಿಸಲು ಕಾವಲುಗಾರನಿಗೆ ಹೇಳುವುದು.

ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಸಿಕ್ಕಿ ನೇತಾಡುತ್ತಿದ್ದರೆ ಹಗ್ಗ ಕೊಯ್ಯುವ ಮೊದಲು ಅವನ ಭಾರ ಹೊರಲು ಕೆಳಗೆ ಜನ ಇರಬೇಕು. ಪಟ್ಟಿಗಳಲ್ಲಿ ಅಲುಗದೆ ನೇತಾಡುವವನಿಗೆ ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಏಣಿ ತರುವವರೆಗೆ ಅವನ ಪಾದಕ್ಕೆ ಹೆಗಲು ಕೊಟ್ಟು ನಿಲ್ಲಿ.

ಸೂಳೆಕೆರೆ, ವಾಣಿವಿಲಾಸ ಸಾಗರ, ಭದ್ರಾ ನಾಲೆಯಂಥ ನೀರಿನಲ್ಲಿ ಒದ್ದೆ ಬಟ್ಟೆಯ ಕೆಳಗೆ ಸಿಕ್ಕಿಕೊಳ್ಳುವುದೇ ಅಪಾಯ. ತೆಪ್ಪದವರು ಬಟ್ಟೆಯ ಮೇಲೆ ಹೋಗದೆ ಪೈಲಟ್ ಇರುವ ಬದಿಯಿಂದ ಬರಬೇಕು. ಹಗ್ಗಗಳು ಹುಟ್ಟಿಗೆ ಸುತ್ತಿಕೊಳ್ಳುತ್ತವೆ.

ಖಾಲಿ ಸೀಟು ಬೇರೆ ಕಡೆ ಬಿದ್ದಿದೆ. ಸಿಡಿದುಹೋಗಿದೆಯಲ್ಲ, ಇನ್ನೇನು ಭಯ?

ಎಲ್ಲವೂ ಸಿಡಿದಿರುತ್ತದೆ ಎಂದು ನಂಬಬೇಡಿ. ಒಂದು ಸೀಟಿನಲ್ಲಿ ಹಲವು ಕಾರ್ಟ್ರಿಜ್‌ಗಳು ಇರುತ್ತವೆ. ಒಂದೆರಡು ಹಾಗೇ ಉಳಿದಿರಬಹುದು. ನೂರು ಕಿಲೋ ಆಸುಪಾಸಿನ ಲೋಹವನ್ನು ಗುಜರಿ ಎಂದು ಉರುಳಿಸಿ, ಟ್ರ್ಯಾಕ್ಟರ್ ಟ್ರೇಲರಿಗೆ ಹಾಕಿ, ಸುತ್ತಿಗೆಯಲ್ಲಿ ಬಡಿದರೆ ಅವು ಸಿಡಿಯಬಹುದು. ಕಂಡ ಜಾಗಕ್ಕೆ ಗುರುತಿಟ್ಟು, ಮಕ್ಕಳನ್ನು ದೂರವಿಟ್ಟು, ಪೊಲೀಸರಿಗೆ ತೋರಿಸಿ. ಕ್ಯಾನಪಿ ಒಂದು ಕಡೆ, ಸೀಟು ಒಂದು ಕಡೆ, ಪೈಲಟ್ ಒಂದು ಕಡೆ, ವಿಮಾನ ಕಿಲೋಮೀಟರುಗಟ್ಟಲೆ ಆಚೆ, ಹೀಗೆ ನಾಲ್ಕು ಜಾಗ ಹುಡುಕಬೇಕಾಗುತ್ತದೆ ಎಂದು ತಿಳಿದಿರಿ.

ಪೈಲಟ್ ವಿಮಾನದೊಳಗೇ ಸಿಕ್ಕಿಕೊಂಡಿದ್ದರೆ ಎಳೆದು ತೆಗೆಯಬಹುದೇ?

ಅಲ್ಲಿ ಸೀಟು ಇನ್ನೂ ಜೀವಂತವಾಗಿದೆ ಎಂದೇ ತಿಳಿಯಿರಿ. ಅವನನ್ನು ಎಳೆಯುವಾಗ ನಿಮ್ಮ ಮೊಣಕೈ ಹಳದಿ-ಕಪ್ಪು ಹಿಡಿಗೆ ಸಿಕ್ಕಿಕೊಂಡರೆ ಸೀಟು ಇಬ್ಬರನ್ನೂ ಒಯ್ಯುತ್ತದೆ. ಅದರ ಮೇಲೆ ಬಾಗಬೇಡಿ, ಕೊಳವೆ ಕತ್ತರಿಸಬೇಡಿ, ಕ್ಯಾನಪಿಗೆ ಕೊಡಲಿ ಹಾಕಬೇಡಿ. ಹೊರಮೈಯಲ್ಲಿ ಕೆಂಪು ತ್ರಿಕೋನದ ಎಚ್ಚರಿಕೆ ಮತ್ತು ರಕ್ಷಣೆಯ ಬಾಣದ ಗುರುತು ಇರುತ್ತದೆ. ಆ ಬಾಣ ತೋರಿಸುವ ಹಿಡಿಕೆ ಎಳೆದರೆ ಕೆಲವು ವಿಮಾನಗಳಲ್ಲಿ ಕ್ಯಾನಪಿ ಸಿಡಿದು ಚೂರು ಹಾಗೂ ಕರಗಿದ ಸೀಸ ಮುಖಕ್ಕೆ ಎರಚುತ್ತದೆ. ಸೀಟು ಸಿಡಿಯದಂತೆ ತಡೆಯುವ ಸುರಕ್ಷತಾ ಪಿನ್ ಎಲ್ಲಿ ಹಾಕಬೇಕೆಂದು ಕಲಿತವರಷ್ಟೇ ಇದನ್ನು ಮಾಡಬೇಕು. ಅಗ್ನಿಶಾಮಕ ದಳದವರು ಬೆಂಕಿಯನ್ನು ಪೈಲಟ್ ಕೂರುವ ಕಾಕ್‌ಪಿಟ್‌ನಿಂದ ದೂರ ತಡೆಯುವುದೇ ಆಗ ಮಾಡಬಹುದಾದ ದೊಡ್ಡ ಸಹಾಯ.

ಹೊಗೆ ಬರುತ್ತಿರುವ ವಿಮಾನದ ಹತ್ತಿರ ಹೋಗಬಹುದೇ?

ಬೇಡ. ಗಾಳಿ ಬರುವ ದಿಕ್ಕಿನಲ್ಲಿ, ಹೊಗೆ ತಾಗದಷ್ಟು ದೂರ ನಿಲ್ಲಿ. ಇಂಧನ, ಟೈರು, ಆಮ್ಲಜನಕ, ಗುಂಡುಗಳು ಯಾವ ಹೊತ್ತಿಗಾದರೂ ಸಿಡಿಯಬಹುದು. ತೇಜಸ್‌ನಂಥ ವಿಮಾನದ ಮೈಯಲ್ಲಿ ಕಾರ್ಬನ್ ನಾರಿನ ಭಾಗಗಳು ಹೆಚ್ಚು. ಸುಟ್ಟ ಮೇಲೆ ಅದರ ಸೂಕ್ಷ್ಮ ಎಳೆಗಳು ಗಾಳಿಯಲ್ಲಿ ಹಾರಿ ಶ್ವಾಸಕೋಶಕ್ಕೂ ಚರ್ಮಕ್ಕೂ ಚುಚ್ಚುತ್ತವೆ. ದನಗಳನ್ನೂ ಆ ಕಡೆ ಬಿಡಬೇಡಿ. ಜೋಡಿಚಿಕ್ಕೇನಹಳ್ಳಿಯಲ್ಲಿ ಡ್ರೋನ್ ಬಿದ್ದಾಗ ನೋಡಲು ಜನ ಮುಗಿಬಿದ್ದಿದ್ದರು. ಯುದ್ಧವಿಮಾನದ ಸುತ್ತ ಹಾಗೆ ನಿಂತರೆ ಜೀವಕ್ಕೆ ಅಪಾಯ.

ನೆಲದಲ್ಲಿ ನಿಂತಿದ್ದರೂ ಪ್ಯಾರಾಚೂಟ್ ತೆರೆಯುತ್ತದೆ ಅನ್ನುತ್ತಾರೆ. ಹಾಗಿದ್ದರೆ ಪೈಲಟ್‌ಗಳು ಸಾಯುವುದೇಕೆ?

ಶೂನ್ಯ ಎತ್ತರ, ಶೂನ್ಯ ವೇಗದಲ್ಲೂ ಕೆಲಸ ಮಾಡುವ ಸೀಟನ್ನು 1961ರಲ್ಲೇ ಬ್ರಿಟನ್ನಿನಲ್ಲಿ ಮನುಷ್ಯನನ್ನು ಕೂರಿಸಿ ಪರೀಕ್ಷಿಸಿದರು. ಈಗಿನವೆಲ್ಲ ಹೆಚ್ಚಾಗಿ ಅಂಥವೇ. ಆದರೆ ಆ ಲೆಕ್ಕ ವಿಮಾನ ಮಟ್ಟಸವಾಗಿ ನಿಂತಾಗಿನದು. ವಿಮಾನ ಸೆಕೆಂಡಿಗೆ 50 ಮೀಟರ್ ಕೆಳಗಿಳಿಯುತ್ತಿದ್ದರೆ ಸೀಟು ಮೇಲಕ್ಕೆ ಕೊಟ್ಟ ವೇಗ ಅದನ್ನು ತೀರಿಸಲಿಕ್ಕೇ ಖರ್ಚಾಗುತ್ತದೆ. ವಿಮಾನ ಮಗುಚಿದ್ದರೆ ರಾಕೆಟ್ ನೆಲದ ಕಡೆಗೇ ನೂಕುತ್ತದೆ. 1989ರ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಸೋವಿಯತ್ ಪೈಲಟ್ ಅನತೋಲಿ ಕ್ವೋಚುರ್ ಮಿಗ್-29ರಿಂದ ನೂರು ಮೀಟರಿಗೂ ಕಡಿಮೆ ಎತ್ತರದಲ್ಲಿ ಹೊರಬಂದು ಬದುಕಿದರು. ಅದು ಸೀಟಿನ ಮಿತಿಯ ಅಂಚು. ಬಹಳಷ್ಟು ಸಾವುಗಳಲ್ಲಿ ಕೆಟ್ಟದ್ದು ಸೀಟಲ್ಲ, ಹಿಡಿ ಎಳೆದದ್ದು ಒಂದೆರಡು ಸೆಕೆಂಡು ತಡ. ಊರಿನ ಮೇಲೆ ಬೀಳದಿರಲಿ ಎಂದು ವಿಮಾನವನ್ನು ತಿರುಗಿಸುತ್ತ ಕೂತವರಿಗೂ ಆ ಸೆಕೆಂಡುಗಳೇ ಕಳೆಯುತ್ತವೆ.

ಇಬ್ಬರಿದ್ದರೆ ಯಾರು ಮೊದಲು?

ಹಿಂದಿನವರು. ಮುಂದಿನವರು ಮೊದಲು ಹೋದರೆ ಅವರ ರಾಕೆಟ್ಟಿನ ಜ್ವಾಲೆ ಹಿಂದಿನವರಿಗೆ ತಾಗುತ್ತದೆ. ನಡುವಿನ ಅಂತರ ಅರ್ಧ ಸೆಕೆಂಡಿನ ಒಳಗೆ. ಎರಡು ಸೀಟೂ ಬೇರೆ ಬೇರೆ ಬದಿಗೆ ವಾಲುವಂತೆ ರಾಕೆಟ್ ಇಟ್ಟಿರುತ್ತಾರೆ, ಹಾಗಾಗಿ ಇಬ್ಬರು ಒಂದೇ ಹೊಲದಲ್ಲಿ ಸಿಗಬೇಕೆಂದಿಲ್ಲ.

ತಾನಾಗಿ ಸಿಡಿದದ್ದು ಉಂಟೇ?

ತಾನಾಗಿ ಎನ್ನುವುದಕ್ಕಿಂತ, ಕೈ ತಪ್ಪಿದ್ದು ಉಂಟು. 2019ರ ಮಾರ್ಚ್ 20ರಂದು ಫ್ರಾನ್ಸಿನ ಸೇಂಟ್-ಡಿಜಿಯೆಯಲ್ಲಿ ರಫೇಲ್ ವಿಮಾನದ ಹಿಂದಿನ ಸೀಟಿನಲ್ಲಿ 64 ವರ್ಷದ ನಾಗರಿಕರೊಬ್ಬರು ಕೂತಿದ್ದರು. ಪಟ್ಟಿ ಸಡಿಲವಿತ್ತು. ವಿಮಾನ ಏರಿ ಮಟ್ಟಸವಾಗುವಾಗ ದೇಹ ಸೀಟಿನಿಂದ ಮೇಲೇಳತೊಡಗಿತು, ಆಸರೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದರು. ಅದು ಎಜೆಕ್ಷನ್ ಹಿಡಿ. ಅವರು ಹೊರಬಿದ್ದು ಬದುಕಿದರು. ಪೈಲಟ್‌ನ ಸೀಟೂ ಜೊತೆಗೇ ಹೊರಬರಬೇಕಿತ್ತು, ಆದರೆ ಸರದಿ ಪೂರ್ತಿಯಾಗದೆ ಅವರು ವಿಮಾನವನ್ನೇ ಇಳಿಸಿಕೊಂಡು ಬಂದರು.

2011ರ ನವೆಂಬರ್ 8ರಂದು ಬ್ರಿಟನ್ನಿನ ಸ್ಕ್ಯಾಂಪ್ಟನ್‌ನಲ್ಲಿ ನಿಂತಿದ್ದ ಹಾಕ್ ವಿಮಾನದಿಂದ ಸೀಟು ಚಿಮ್ಮಿ ಪೈಲಟ್ ತೀರಿಕೊಂಡರು. ಹಿಡಿ ಸರಿಯಾದ ಸ್ಥಾನದಲ್ಲಿ ಕೂತಿರಲಿಲ್ಲ, ಆದರೂ ಪಿನ್ ಹಾಕಲು ಆಗಿತ್ತು, ಹಾಗಾಗಿ ಸುರಕ್ಷಿತವೆಂದು ಕಂಡಿತು. ಪ್ಯಾರಾಚೂಟ್ ತೆರೆಯದಿರಲು ಕಾರಣ ಡ್ರೋಗ್ ಕೊಂಡಿಯ ಬೋಲ್ಟನ್ನು ಅತಿಯಾಗಿ ಬಿಗಿದದ್ದು. ಒಂದು ನಟ್ಟಿನ ಬಿಗಿತ ಇಲ್ಲಿ ಜೀವದ ಲೆಕ್ಕ.

ಐಟಿಐ ಓದಿದವರಿಗೆ ಇದರಲ್ಲಿ ಕೆಲಸ ಇದೆಯೇ?

ವಾಯುಪಡೆಯ ತಾಂತ್ರಿಕ ವಿಭಾಗಕ್ಕೆ ಸೇರಿ ಶಸ್ತ್ರಾಸ್ತ್ರ ಶಾಖೆ ಸಿಕ್ಕವರು ಈ ಸೀಟುಗಳನ್ನು ನೋಡಿಕೊಳ್ಳುತ್ತಾರೆ. ಕೆಲಸ ತಾಳ್ಮೆಯದು: ಪ್ರತಿ ಕಾರ್ಟ್ರಿಜ್ಜಿನ ಅವಧಿ ಮುಗಿಯುವ ದಿನಾಂಕ ನೋಡುವುದು, ಕೆಂಪು ಪಟ್ಟಿಯ ಪಿನ್‌ಗಳನ್ನು ಎಣಿಸಿ ಹಾಕಿ ಎಣಿಸಿ ತೆಗೆಯುವುದು, ಬಿಗಿತವನ್ನು ಅಳತೆಯ ಪಾನಾದಲ್ಲೇ ನೋಡುವುದು, ಕಾಕ್‌ಪಿಟ್‌ನಲ್ಲಿ ಒಂದು ಸ್ಕ್ರೂ ಕಾಣೆಯಾದರೂ ಸಿಗುವವರೆಗೆ ವಿಮಾನ ಹಾರಲು ಬಿಡದಿರುವುದು.

ನಮ್ಮ ವಿಮಾನಗಳಲ್ಲಿ ಯಾವ ಸೀಟು?

ತೇಜಸ್, ರಫೇಲ್, ಹಾಕ್, ಜಾಗ್ವಾರ್, ಕಿರಣ್ ಇವುಗಳಲ್ಲಿ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯ ಸೀಟು. ಸುಖೋಯ್-30, ಮಿಗ್-29ರಲ್ಲಿ ರಷ್ಯಾದ ಕೆ-36. ಸೀಟು ಹೊರಬರುವ ವ್ಯವಸ್ಥೆಯನ್ನು ಹಳಿಯ ಮೇಲೆ ರಾಕೆಟ್ ಬಂಡಿ ಓಡಿಸಿ, ಬೊಂಬೆ ಕೂರಿಸಿ ಪರೀಕ್ಷಿಸುವ ಸೌಲಭ್ಯ ಚಂಡೀಗಢದ ಡಿಆರ್‌ಡಿಒ ಪ್ರಯೋಗಾಲಯದಲ್ಲಿದೆ. 2025ರ ಡಿಸೆಂಬರ್‌ನಲ್ಲಿ ಗಂಟೆಗೆ 800 ಕಿ.ಮೀ. ವೇಗದಲ್ಲಿ ಅಂಥ ಪರೀಕ್ಷೆ ನಡೆಯಿತು.

ಪ್ರಯಾಣಿಕರ ವಿಮಾನಕ್ಕೆ ಏಕಿಲ್ಲ?

ನೂರಾರು ಜನರ ಮೇಲೆ ಚಾವಣಿ ಸಿಡಿಸಲು ಆಗುವುದಿಲ್ಲ. ಹೆಲ್ಮೆಟ್, ಪಟ್ಟಿ, ತರಬೇತಿ ಇಲ್ಲದವರಿಗೆ ಆ ಹೊಡೆತ ತಾಳುವುದೂ ಇಲ್ಲ.

ಎಜೆಕ್ಟ್ ಆದವರು ಮತ್ತೆ ಹಾರುತ್ತಾರೆಯೇ? ಎತ್ತರ ಕಡಿಮೆಯಾಗುತ್ತದಂತೆ?

ಬಹಳ ಜನ ಹಾರುತ್ತಾರೆ. ಬೆನ್ನಿನ ಎಂಆರ್‌ಐ ಆಗಿ, ಮೂಳೆ ಕೂಡಿದ ಮೇಲೆ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತದೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆ ಇಂಥ ತಪಾಸಣೆಗೆ ಹೆಸರಾದದ್ದು. ಇಷ್ಟು ಸಲ ಮಾತ್ರ ಎಂಬ ಎಣಿಕೆಯಿಲ್ಲ, ಬೆನ್ನಿನ ಸ್ಥಿತಿಯೇ ಅಳತೆ. ಮೂಳೆಗಳ ನಡುವಿನ ಮೆತ್ತೆ ಅಮುಕಿ ತುಸು ಕುಳ್ಳಗಾಗುವುದು ಸಾಮಾನ್ಯವಾಗಿ ತಾತ್ಕಾಲಿಕ. ಮೂಳೆಯೇ ಕುಸಿದಿದ್ದರೆ ಹಾಗೇ ಉಳಿಯಬಹುದು.

ಬೆಳೆ ಹಾಳಾದರೆ?

ಹೊಲ ಸ್ವಚ್ಛ ಮಾಡಲು ಹೋಗಬೇಡಿ. ಚೂರುಗಳು ತನಿಖೆಗೆ ಬೇಕು, ಒಂದನ್ನೂ ಒಯ್ಯುವ ಹಾಗಿಲ್ಲ. ದೂರದಿಂದ ಫೋಟೊ ತೆಗೆದಿಡಿ, ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಪಂಚನಾಮೆಯಲ್ಲಿ ಸರ್ವೆ ನಂಬರು, ಬೆಳೆ, ಹಾಳಾದ ಗುಂಟೆ, ಕೊಳವೆ ಬಾವಿ ಅಥವಾ ಡ್ರಿಪ್ ಪೈಪಿನ ಹಾನಿ ಎಲ್ಲ ಬರೆಸಿ, ಒಂದು ಪ್ರತಿ ಕೇಳಿ ಪಡೆಯಿರಿ. ಪರಿಹಾರದ ಅರ್ಜಿಯನ್ನು ಆ ಪ್ರತಿಯೊಂದಿಗೆ ತಹಶೀಲ್ದಾರ್ ಕಚೇರಿಗೆ ಕೊಡಿ. ಅವಶೇಷ ತೆಗೆಯಲು ಬರುವ ಲಾರಿ, ಕ್ರೇನು, ನೋಡಲು ಬರುವ ಜನರ ಓಡಾಟದಿಂದ ಬೀಳುವ ಪೆಟ್ಟು ಎಷ್ಟೋ ಸಲ ವಿಮಾನದ ಪೆಟ್ಟಿಗಿಂತ ಹೆಚ್ಚು. ಅದೂ ಪಂಚನಾಮೆಯಲ್ಲಿ ಸೇರಲಿ.